ಮನೆ ನೋಡಿ ಆರಿಸಿದ ವೀಸಾ ಏಜೆಂಟ್

ಹೋದ ತಿಂಗಳು ಯಾಪಲದಿನ್ನಿಯಲ್ಲಿ ಬಂಧುಗಳ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆವು. ಕಾಲು ತೊಳೆದು ಒಳಗೆ ಕೂತ ಕೂಡಲೇ ತಂಬಿಗೆಯಲ್ಲಿ ಕುಡಿಯುವ ನೀರು ತಂದುಕೊಟ್ಟರು. ನಾನು ಅದನ್ನು ಬಾಯಿಗಿಡುವ ಮೊದಲು ಮೂಗಿಗಿಟ್ಟೆ. ಮಣ್ಣಿನ ಕೊಡದ ತಂಪು ವಾಸನೆ, ಅದರ ಹಿಂದೆಯೇ ತೆಳ್ಳಗೆ ತಂಬಿಗೆ ತಿಕ್ಕಿದ ಬೂದಿಯ ವಾಸನೆ... ಪಕ್ಕದಲ್ಲಿದ್ದ ನನ್ನ ಹೆಂಡತಿ ಮೊಣಕೈಯಿಂದ ತಿವಿದು, "ಏನ್ರೀ ಇದು, ನಾಯಿ ಮೂಸಿದಂಗ ಮೂಸ್ತೀರಿ? ಮಂದಿ ನೋಡಾಕತ್ತಾರ" ಅಂದಳು. ನಾನು ಘನತೆಯಿಂದ ನೀರು ಕುಡಿದು ತಂಬಿಗೆ ಕೆಳಗಿಟ್ಟೆ. ಆದರೆ ಆಮೇಲೆ ತೊಟ್ಟಿಲ ಹಾಡು ಯಾವುದು ಹಾಡಿದರು, ಕೂಸಿಗೆ ಏನು ಹೆಸರಿಟ್ಟರು, ನನಗೆ ಒಂದೂ ಗೊತ್ತಾಗಲಿಲ್ಲ.

ಈ ದುರಭ್ಯಾಸ ಮೂಲತಃ ನನ್ನದಲ್ಲ. ರಾಯಚೂರಿನ ನಮ್ಮ ಓಣಿಯಲ್ಲಿ ಎದುರುಮನೆಯಲ್ಲಿದ್ದ ಅಕ್ಕನದು.

ಅಕ್ಕ ಹರೆಯದಲ್ಲಿ ಕೂಲಿಗೆ ಹೋದವಳು. ಗಂಡ ತೀರಿಕೊಂಡ ಮೇಲೆ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿ ಒಬ್ಬಳೇ ಮಗಳನ್ನು ನರ್ಸಿಂಗ್ ಓದಿಸಿದಳು. ಅದು ಹೊಟ್ಟೆಪಾಡು. ಅವಳ ನಿಜವಾದ ಹುದ್ದೆ ಬೇರೆ. ಓಣಿಯಲ್ಲಿ ಯಾರಿಗೆ ಮಗಳನ್ನು ಕೊಡುವುದಿದ್ದರೂ, ಸೊಸೆ ತರುವುದಿದ್ದರೂ ಮೊದಲು ಅಕ್ಕ ಹೋಗಿ ಆ ಮನೆಯನ್ನು ನೋಡಿ ಬರಬೇಕು. ಹುಡುಗನ ಎತ್ತರ, ಬಣ್ಣ, ಸಂಬಳ ನೋಡುವುದು ಉಳಿದವರ ಪಾಲಿನ ಹಗುರ ಕೆಲಸ. ಅಕ್ಕ ನೋಡುತ್ತಿದ್ದದ್ದು ಮನೆ. ನೀರು ಮೂಸುವುದು ಮೊದಲ ತನಿಖೆ. ಕೊಡ ದಿನಾ ತೊಳೆಯುತ್ತಾರೋ ಇಲ್ಲವೋ ಅಲ್ಲೇ ತಿಳಿಯಬೇಕು. ಆಮೇಲೆ ಕೈ ತೊಳೆಯುವ ನೆಪದಲ್ಲಿ ಹಿತ್ತಲು. ಅತ್ತೆ ಮಾತಾಡುವಾಗ ಸೊಸೆ ಎಲ್ಲಿ ನಿಂತಿರುತ್ತಾಳೆ, ನಗು ಬಂದರೆ ಯಾರ ಮುಖ ನೋಡಿ ನಗುತ್ತಾಳೆ... ನಾನು ಬದುಕಿಡೀ ತಹಶೀಲ್ದಾರರ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತನಾದವನು. ನಮ್ಮ ಇಲಾಖೆಯ ಸ್ಥಳ ಪರಿಶೀಲನೆಗಳು ಇದರ ಮುಂದೆ ಮಕ್ಕಳಾಟ. ಹೊರಗೆ ಬಂದು ಸೆರಗು ಕೊಡವಿ "ಕೊಡ್ರಿ" ಅಂದಳೆಂದರೆ ಕೊಡಬೇಕು. "ಬ್ಯಾಡ" ಅಂದಳೆಂದರೆ ಮುಗಿಯಿತು. ಜಿಲ್ಲಾಧಿಕಾರಿಗಳ ಆದೇಶಕ್ಕಾದರೂ ಮೇಲ್ಮನವಿ ಇದೆ, ಅಕ್ಕನ ಆದೇಶಕ್ಕೆ ಇರಲಿಲ್ಲ.

ಮಗಳು ದುಬೈಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ರಜೆಗೆ ಬಂದಾಗ ಅವ್ವನಿಗೊಂದು ಪಾಸ್‌ಪೋರ್ಟ್ ಮಾಡಿಸಿಕೊಟ್ಟು ಹೋಗಿದ್ದಳು, ಎಂದಾದರೂ ಕರೆಸಿಕೊಂಡು ಸಮುದ್ರ ತೋರಿಸುತ್ತೇನೆ ಅಂತ. ಅಕ್ಕ ಅದನ್ನು ಕಾಟನ್ ಸೀರೆಗಳ ನಡುವೆ ಇಟ್ಟು, ಯಾರಾದರೂ ಬಂದರೆ ತೆಗೆದು ತೋರಿಸಿ, "ಫೋಟೋದಾಗ ಕಳ್ಳಿ ಕಂಡಂಗ ಕಾಣ್ತೀನಿ" ಅಂತ ನಗುತ್ತಿದ್ದಳು.

ಒಂದು ಬೆಳಿಗ್ಗೆ ದುಬೈಯಿಂದ ಫೋನು ಬಂತು. ಮಾತಾಡಿದವಳು ಮಗಳಲ್ಲ, ಮಗಳ ಜೊತೆ ಕೆಲಸ ಮಾಡುತ್ತಿದ್ದ ಮಂಗಳೂರ ಕಡೆಯ ಹುಡುಗಿ. ಮಗಳು ಡ್ಯೂಟಿಯಲ್ಲಿದ್ದಾಗಲೇ ತಲೆಯೊಳಗೆ ರಕ್ತನಾಳ ಒಡೆದು ಬಿದ್ದುಬಿಟ್ಟಿದ್ದಳು. ಅದೇ ಆಸ್ಪತ್ರೆಯಲ್ಲಿ ಯಂತ್ರದ ಉಸಿರಿನ ಮೇಲೆ ಮಲಗಿಸಿದ್ದರು. "ಅಮ್ಮಾ, ನೀವು ಒಂದು ವಿಸಿಟ್ ವೀಸಾ ಮಾಡಿಸಿಕೊಂಡು ಬೇಗ ಬಂದುಬಿಡಿ ಆಯ್ತಾ... ನಾನಿದ್ದೇನೆ ಇಲ್ಲಿ, ಆದರೆ ನೀವು ಬನ್ನಿ" ಅಂದಳು ಆ ಹುಡುಗಿ. 'ಬೇಗ' ಅನ್ನುವ ಮಾತನ್ನು ಅವಳು ಹೇಳಿದ ರೀತಿ ಸ್ಪೀಕರ್ ಹಾಕಿ ಅಕ್ಕನ ಮುಂದೆ ಫೋನು ಹಿಡಿದಿದ್ದ ನನಗೆ ತಿಳಿಯಿತು. ಅಕ್ಕನಿಗೂ ತಿಳಿಯಿತು.

"ತಮ್ಮಾ, ನಾ ಹೋಗಿ ಹೆಸರು ಹಿಡದು ಕರದ್ರ ಆಕಿ ಏಳ್ತಾಳ" ಅಂದಳು ಅಕ್ಕ. "ಸಣ್ಣಾಕಿ ಇದ್ದಾಗಿಂದ ಹಂಗ. ನಾ ಕರದ್ರನ ಏಳಾಕಿ. ಬ್ಯಾರೆ ಯಾರ ಕರದ್ರೂ ಏಳಾಂಗಿಲ್ಲ."

ತಹಶೀಲ್ ಕಚೇರಿಯಲ್ಲಿ ಕೂತು ಬಂದವನಾದ್ದರಿಂದ ಭೂಮಂಡಲದ ಸಕಲ ಅರ್ಜಿಗಳಿಗೂ ನಾನೇ ತಜ್ಞ ಎಂದು ಓಣಿ ನಂಬಿತ್ತು. ದುಬೈ ಯಾವ ಹೋಬಳಿಗೆ ಬರುತ್ತದೆ ಅಂತ ಕೇಳಿದ್ದರೂ ಹೇಳುತ್ತಿದ್ದೆನೋ ಏನೋ. ವೀಸಾದ ವಿಷಯ ಮಾತ್ರ ನನಗೆ ಕಿಂಚಿತ್ತೂ ಗೊತ್ತಿರಲಿಲ್ಲ. ಏಜೆಂಟ್ ಹಿಡಿಯಬೇಕು ಅಂದರು ಎಲ್ಲರೂ. ಯಾವ ಏಜೆಂಟ್ ಅನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು ಹೆಸರು. ದೇವದುರ್ಗದಲ್ಲಿ ಒಬ್ಬನಿದ್ದಾನೆ, ರಾಯಚೂರಲ್ಲೇ ಒಬ್ಬ, ಮಾನ್ವಿಯಲ್ಲಿ ಒಬ್ಬ. ಅದೇ ಓಣಿ ಒಂದೇ ಉಸಿರಿನಲ್ಲಿ, ಮೂವರೂ ಕಳ್ಳರಿರಬಹುದು ಅಂತಲೂ ಹೇಳಿತು.

"ಹೋಗಿ ನೋಡೋಣು ನಡಿ" ಅಂದಳು ಅಕ್ಕ. ಅಂಗಡಿ ನೋಡೋಣ ಅಂತ ನಾನು ತಿಳಿದಿದ್ದೆ. ಅವಳು ಹೇಳಿದ್ದು ಮನೆ.

ದೇವದುರ್ಗದವನದು ಮೊಬೈಲ್ ಅಂಗಡಿ. ಗಾಜಿನ ಕಪಾಟಿನ ಮೇಲೆ ಒಂದು ಆಟಿಕೆ ವಿಮಾನ. ನಾವು ಕೇಳಿದ್ದಕ್ಕೆಲ್ಲ ಅವನದು ಒಂದೇ ಉತ್ತರ: "ಗ್ಯಾರಂಟಿ!" ವೀಸಾ ಯಾವಾಗ ಸಿಗುತ್ತದೆ? ಗ್ಯಾರಂಟಿ! ಏನೇನು ಕಾಗದ ಬೇಕು? ಗ್ಯಾರಂಟಿ! ಅಕ್ಕ ಎಲ್ಲ ಕೇಳಿಸಿಕೊಂಡು, "ಮನಿ ಎಲ್ಲದಪ್ಪಾ? ದೂರದಿಂದ ಬಂದೀವಿ, ಒಂದೀಟು ನೀರು ಕುಡದು ಹೋಗ್ತೀವಿ" ಅಂದಳು. ಅವನು ಅಂಗಡಿಗೇ ನೀರು ತರಿಸುತ್ತೇನೆಂದ. ಅಕ್ಕ ಒಪ್ಪಲಿಲ್ಲ. ಹಿಂದಿನ ಸಂದಿಯಲ್ಲೇ ಇದ್ದ ಮನೆಗೆ ಹೋಗಿ ಬಂದೆವು. ಬಸ್ಟ್ಯಾಂಡಿಗೆ ಬರುವಾಗ ಸೆರಗು ಕೊಡವಿ "ಬ್ಯಾಡ" ಅಂದಳು.

"ಯಾಕ ಯಕ್ಕಾ, ನೀರಿನಾಗ ಏನರ ಇತ್ತೇನು?"

"ನೀರು ಬಿಡು. ಅವನ ಅಪ್ಪ ಅಂಗಳದಾಗ ಕುಂತು ನಿನ್ನಿ ರೊಟ್ಟಿ ಮುರಕೊಂಡು ತಿನ್ನಾಕತ್ತಿದ್ದ. ಒಳಗ ಬಿಸಿ ರೊಟ್ಟಿ ಬಡಿಯೋ ಸಪ್ಪಳ ನಿನಗ ಕೇಳಿಸಲಿಲ್ಲೇನು? ಅಪ್ಪಗ ಬಿಸಿ ರೊಟ್ಟಿ ಕೊಡಲಾರದಂವ ನನ್ನ ಮಗಳಿಗಿ ಏನ್ ಕೊಡ್ತಾನ?"

ಅದಾದ ಸ್ವಲ್ಪ ದಿನಕ್ಕೆ ಆ ಗ್ಯಾರಂಟಿ ಮನುಷ್ಯ ಅಂಗಡಿಗೆ ಬೀಗ ಜಡಿದು ಊರು ಬಿಟ್ಟ ಅಂತ ಕೇಳಿದೆವು. ಅಕ್ಕನ ಪದ್ಧತಿಯ ಮೇಲೆ ನನ್ನ ನಂಬಿಕೆ ಪರ್ವತದಷ್ಟಾಯಿತು. ಆಗಬಾರದಿತ್ತು...

ರಾಯಚೂರಿನವನ ಅಂಗಡಿ ಸ್ಟೇಷನ್ ರಸ್ತೆಯಲ್ಲಿ. ಒಂದು ಟೇಬಲ್ಲು, ಒಂದು ಕಂಪ್ಯೂಟರು, ಗಂಟುಮೋರೆಯ ಒಬ್ಬ ಮನುಷ್ಯ. ಕೂತುಕೊಳ್ಳಿ ಅನ್ನಲಿಲ್ಲ. ಮಗಳ ಸ್ಥಿತಿ ಕೇಳಿದ, ಆಸ್ಪತ್ರೆಯ ಪತ್ರ ತರಿಸಿರಿ ಅಂದ. ಆಮೇಲೆ, "ವೀಸಾ ಆಗಬಹುದು, ಆಗಲಾರದನೂ ಇರಬಹುದು. ಕೊಡೋರು ಅವರು, ನಾನಲ್ಲ" ಅಂದ. ಅಕ್ಕ ಸೀರೆಯೊಳಗಿಂದ ಪಾಸ್‌ಪೋರ್ಟ್ ತೆಗೆದು ಮುಂದೆ ಹಿಡಿದರೆ ಕೈಯನ್ನೂ ಚಾಚಲಿಲ್ಲ.

"ಅದು ನನಗ ಬ್ಯಾಡ. ಫೋಟೋ ಹೊಡಕೋತೀನಿ, ಅಷ್ಟ ಸಾಕು. ಅದನ್ನ ಯಾರ ಕೈಯಾಗೂ ಕೊಡಬ್ಯಾಡ್ರಿ."

ಅಕ್ಕ ಚಾಚಿದ ಕೈಯನ್ನು ಹಿಂದಕ್ಕೆ ತಗೊಂಡಳು. "ನಿನ್ನ ಮನಿ ಎಲ್ಲದಪ್ಪಾ?"

"ಇಲ್ಲೇ ಹಿಂದ ಒಂದು ರೂಮ್ ಅದ."

"ಅಡಗಿ?"

"ಖಾನಾವಳಿ."

"ಮನಿಯಾಕಿ?"

"ಬಿಟ್ಟು ಹೋಗ್ಯಾಳ" ಅಂದ ಅವನು, ಬಸ್ ಹೋಯಿತು ಅನ್ನುವಷ್ಟು ಸರಳವಾಗಿ. ಅಕ್ಕ ಬಾಯಾರಿದೆ ಅಂದಾಗ ಟೇಬಲ್ಲಿನ ಕೆಳಗಿಂದ ಪ್ಲಾಸ್ಟಿಕ್ ಬಾಟ್ಲಿ ಎತ್ತಿ ಕೊಟ್ಟ. ಅಕ್ಕ ಮೂಸಿದಳು. ಏನೂ ಇಲ್ಲ. ಯಾವ ವಾಸನೆಯೂ ಇಲ್ಲದ ನೀರು. ಅವಳ ಜೀವಮಾನದಲ್ಲಿ ಹೀಗೆ ಸಾಕ್ಷ್ಯವೇ ಇಲ್ಲದ ಪ್ರಕರಣ ಬಂದಿರಲಿಲ್ಲ.

ಹೊರಗೆ ಬಂದು ಸ್ಟೇಷನ್ ರಸ್ತೆ ದಾಟಿದ ಮೇಲೆ ಸೆರಗು ಕೊಡವಿದಳು. "ಕೈಯಾಗ ಹಿಡಿಯಾಕ ಒಲ್ಲೆ ಅಂತಾನ, ನೋಡಿದಿಲ್ಲೋ? ಜವಾಬ್ದಾರಿ ತಗೊಳ್ಳೋ ಮನುಷ್ಯ ಅಲ್ಲ ಅಂವ. ಮನ್ಯಾಗೂ ಹಂಗ ಇದ್ದಿರಬೇಕು, ಅದಕ್ಕ ಆಕಿ ಹೋಗ್ಯಾಳ."

ಮಾನ್ವಿಯವನು ಭತ್ತದ ದಲ್ಲಾಳಿ. ರೈತರ ಚೀಲಗಳನ್ನು ಗಿರಣಿಗಳಿಗೆ ಮಾರಿಸಿಕೊಡುವುದು ಕಸುಬು. ಅದರ ಜೊತೆಗೆ ಗಲ್ಫಿಗೆ ಹೋಗುವವರ ಟಿಕೆಟ್ಟು, ವೀಸಾ. ಅವನ ಕೈಯಿಂದ ಹೋದ ಕೆಲವರು ಅಲ್ಲಿ ಸುಖವಾಗಿದ್ದರು, ವಿಚಾರಿಸಿದ್ದೆವು. ಮನೆಗೆ ಹೋದರೆ ಒಲೆಯ ಮುಂದೆ ಅತ್ತೆ ರೊಟ್ಟಿ ಬಡಿಯುತ್ತಿದ್ದಳು, ಸೊಸೆ ಬೇಯಿಸುತ್ತಿದ್ದಳು, ಇಬ್ಬರೂ ಯಾವುದಕ್ಕೋ ಒಬ್ಬರ ಮೇಲೊಬ್ಬರು ಬೀಳುವಂತೆ ನಗುತ್ತಿದ್ದರು. ದಲ್ಲಾಳಿಯ ತಂಗಿ ನೀರು ತಂದಳು. ಓದಿದ ಹುಡುಗಿ, ಚುರುಕು ಕಣ್ಣು. ಚಂದ್ರಬಂಡದ ಹುಡುಗನ ಜೊತೆ ನಿಶ್ಚಯವಾಗಿತ್ತು. ಅಕ್ಕ ನೀರು ಮೂಸಿದಳು. ಒಂದೇ ಗುಟುಕಿಗೆ ತಂಬಿಗೆ ಬರಿದು ಮಾಡಿದಳು. ಫೋನು ಬಂದಂದಿನಿಂದ ಅವಳು ಏನನ್ನಾದರೂ ಹಾಗೆ ಕುಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವರು ಉಣಿಸದೆ ಬಿಡಲಿಲ್ಲ. ಉಂಡಮೇಲೆ ದಲ್ಲಾಳಿ ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಗೋಡೆಯ ಗೂಡಿನಲ್ಲಿದ್ದ ಬುದ್ಧನ ಪಟದ ಮುಂದಿಟ್ಟು ಕೈಮುಗಿದ. "ಯವ್ವಾ, ಆಕಿ ನನ್ನ ತಂಗಿ ಇದ್ದಂಗ. ಇನ್ನ ನೀವು ನಿಶ್ಚಿಂತಿ ಇರ್ರಿ" ಅಂದ. ಅವನ ಕಣ್ಣು ಒದ್ದೆಯಾಗಿದ್ದವು. ಅದು ನಾಟಕವಲ್ಲ, ಈಗಲೂ ಆಣೆ ಮಾಡಿ ಹೇಳುತ್ತೇನೆ. ನಾನು ಇಲಾಖೆಯ ಹಳೇ ಚಾಳಿಯಿಂದ, ಪಾಸ್‌ಪೋರ್ಟ್ ತಗೊಂಡದ್ದಕ್ಕೆ ಒಂದು ರಸೀದಿ ಅಂತ ಬಾಯಿ ತೆರೆದೆ. ಅಕ್ಕ ತೊಡೆಗೆ ಚಿವುಟಿದಳು. "ಉಂಡ ಮನ್ಯಾಗ ರಸೀದಿ ಕೇಳ್ತಾರೇನೋ? ಮಾನ ಕಳೀತಿ."

ಆಮೇಲೆ ಕಾಯುವುದು ಶುರುವಾಯಿತು. ಮೊದಲು ಸೋಮವಾರ ಅಂದ. ಆಮೇಲೆ ಗುರುವಾರ. ಹೈದರಾಬಾದಿನವರು ಮಾಡಾಕತ್ತಾರ ಅಂದ. ನಡುವೆ ಹೈದರಾಬಾದಿನವರೂ ಇದ್ದಾರೆ ಅನ್ನುವುದು ಅಲ್ಲಿಯವರೆಗೆ ನಮ್ಮ ತಲೆಗೇ ಹೊಳೆದಿರಲಿಲ್ಲ. ದಿನಾ ಸಂಜೆ ಮಂಗಳೂರ ಹುಡುಗಿ ಫೋನು ಮಾಡಿ, ಫೋನನ್ನು ಮಗಳ ಕಿವಿಯ ಹತ್ತಿರ ಇಡುತ್ತಿದ್ದಳು. ಅಕ್ಕ ನಮ್ಮ ಪಡಸಾಲೆಯಲ್ಲಿ ಕೂತು ಮಗಳ ಹೆಸರು ಕರೆಯುತ್ತಿದ್ದಳು. ಮೊದಮೊದಲು ಮೆಲ್ಲಗೆ, ಆಮೇಲಾಮೇಲೆ ಓಣಿಯ ಆ ತುದಿಗೆ ಕೇಳುವಷ್ಟು ಜೋರಾಗಿ. ಆ ಕಡೆಯಿಂದ ಯಂತ್ರದ ಉಸಿರು ಮಾತ್ರ... ಓಣಿಯ ಜನ ಆ ಹೊತ್ತಿಗೆ ಟೀವಿ ಆರಿಸುತ್ತಿದ್ದರು. ಯಾರೂ ಹೇಳಿರಲಿಲ್ಲ, ತಾವಾಗಿಯೇ ಆರಿಸುತ್ತಿದ್ದರು.

ಒಂದು ಮಧ್ಯಾಹ್ನ ದಲ್ಲಾಳಿ ತಾನೇ ಬಂದ. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ಅಕ್ಕನ ಕಾಲ ಮೇಲೆ ಬಿದ್ದ. ಪಾಸ್‌ಪೋರ್ಟನ್ನು ಅವನು ಹೈದರಾಬಾದಿನ ಒಬ್ಬನಿಗೆ ಕೊಟ್ಟಿದ್ದ; ಇಷ್ಟು ದಿನ ಎಲ್ಲರದನ್ನೂ ಅವನಿಗೇ ಕೊಡುತ್ತಿದ್ದದ್ದು. ಈಗ ಅವನ ಫೋನು ಬಂದ್ ಆಗಿತ್ತು, ಅಂಗಡಿಗೆ ಬೀಗ ಬಿದ್ದಿತ್ತು. ದಲ್ಲಾಳಿ ಒಳ್ಳೆಯ ಮಗ, ಒಳ್ಳೆಯ ಗಂಡ, ಒಳ್ಳೆಯ ಅಣ್ಣ. ವೀಸಾ ಏಜೆಂಟನಾಗಿ ಮಾತ್ರ ಅವನು ಅಂಚೆಪೆಟ್ಟಿಗೆ. ಹಾಕಿದ್ದು ಎಲ್ಲಿಗೆ ಹೋಗುತ್ತದೆ ಅಂತ ಅವನಿಗೇ ಗೊತ್ತಿರಲಿಲ್ಲ.

ಅಕ್ಕ ಬೈಯಲಿಲ್ಲ. "ಏಳಪ್ಪಾ" ಅಂದಳು. ಅವನು ಹೋದಮೇಲೆ ನನಗೆ, "ಆ ಹೆಂಡತಿ ಬಿಟ್ಟುಹೋದಂವನ ಕಡೆ ಹೋಗೋಣು ನಡಿ" ಅಂದಳು.

ಸ್ಟೇಷನ್ ರಸ್ತೆಯ ಗಂಟುಮೋರೆ ಎಲ್ಲ ಕೇಳಿಸಿಕೊಂಡ. "ಪಾಸ್‌ಪೋರ್ಟ್ ಯಾಕ ಕೊಟ್ರಿ?"

"ಅಂವ ಕೇಳಿದ, ಕೊಟ್ಟೆ."

"ನಾ ಬ್ಯಾಡ ಅಂದಿದ್ದೆ."

"ಅದಕ್ಕ ನಿನ್ನ ಕಡೆ ಬರಲಿಲ್ಲಪ್ಪಾ."

 ಅವನು ಕುರ್ಚಿ ಸರಿಸಿ, "ಕುಂದ್ರಿ" ಅಂದ. ಪೊಲೀಸ್ ಸ್ಟೇಷನ್ನಿಗೆ ಹೋಗಬೇಕು ಅಂದ. ಬಸ್ಸಿನಲ್ಲಿ ಕಳೆಯಿತು ಅಂತ ಬರೆದುಕೊಡಬಹುದು; ಹೊಸದು ಬರುವವರೆಗೆ ಕಾಯಬೇಕು, ಎಷ್ಟು ದಿನವೋ ಹೇಳಲಾಗದು. ಇಲ್ಲವೇ ಯಾರ ಕೈಗೆ ಕೊಟ್ಟಿರಿ ಅಂತ ಹೆಸರು ಹಾಕಿ ದೂರು ಕೊಡಬೇಕು. ಪೊಲೀಸರು ಆ ಮನುಷ್ಯನನ್ನು ಹಿಡಿದುಕೊಂಡು ಹೈದರಾಬಾದಿಗೆ ಹೋದರೆ ಹಳೇ ಪಾಸ್‌ಪೋರ್ಟೇ ಸಿಕ್ಕರೂ ಸಿಕ್ಕೀತು.

ಮನೆಗೆ ಬಂದು ಅಕ್ಕ ತನ್ನ ಕಟ್ಟೆಯ ಮೇಲೆ ಕೂತಳು. ಪೊಲೀಸ್ ಜೀಪು ಒಂದು ಮನೆಯ ಮುಂದೆ ನಿಂತರೆ ಆ ಮನೆಯ ಹೆಣ್ಣುಮಗಳಿಗೆ ಏನಾಗುತ್ತದೆ ಅನ್ನುವುದು ನಮ್ಮ ಜಿಲ್ಲೆಯಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅಂಥ ಮನೆಗಳನ್ನು ಅವಳೇ ಎಷ್ಟೋ ಸಲ "ಬ್ಯಾಡ" ಅಂದಿದ್ದಳು. ನೀರು ತಂದುಕೊಟ್ಟ ಆ ಹುಡುಗಿ ನನ್ನ ಕಣ್ಣ ಮುಂದೆಯೇ ಇದ್ದಳು. ಅಕ್ಕನ ಕಣ್ಣ ಮುಂದೆಯೂ ಇದ್ದಿರಬೇಕು. ನಾನು ಕಾಗದ, ಪೆನ್ನು ತಂದು, "ಬಸ್ಸಿನ್ಯಾಗ ಕಳೀತು ಅಂತ ಬರೀಲೇನು ಯಕ್ಕಾ?" ಅಂದೆ.

"ಯಾವ್ದು ಲಗೂ ಆಗ್ತದ?"

"ಹೆಸರು ಹಾಕಿದ್ರ ಲಗೂ ಆಗಬಹುದು."

ಅಕ್ಕ ತನ್ನ ಎರಡೂ ಅಂಗೈಯನ್ನು ನೋಡಿಕೊಂಡಳು. ರೊಟ್ಟಿ ಬಡಿದೂ ಬಡಿದೂ ಗೆರೆ ಅಳಿಸಿಹೋದ ಅಂಗೈ.

"ಬರಿ" ಅಂದಳು. "ಅವನ ಹೆಸರು ಬರಿ. ಅವರಪ್ಪನ ಹೆಸರೂ ಹಾಕು, ತಪ್ಪಾಗಬಾರದು."

ಜೀಪು ಮಾನ್ವಿಗೆ ಹೋಯಿತು. ಹಗಲುಹೊತ್ತು, ಅಲ್ಲಿಯ ಓಣಿಯೆಲ್ಲ ಬಾಗಿಲಲ್ಲಿ ನಿಂತು ನೋಡುವಾಗ ದಲ್ಲಾಳಿಯನ್ನು ಹತ್ತಿಸಿಕೊಂಡು ಹೋದರಂತೆ. ಹೈದರಾಬಾದಿನ ಯಾವುದೋ ಕೋಣೆಯಲ್ಲಿ ಅಂಥ ಪಾಸ್‌ಪೋರ್ಟುಗಳ ರಾಶಿಯೇ ಇತ್ತಂತೆ, ಅದರಲ್ಲಿ ಅಕ್ಕನದೂ ಸಿಕ್ಕಿತು; ದಲ್ಲಾಳಿಯನ್ನು ಆಮೇಲೆ ಬಿಟ್ಟು ಕಳಿಸಿದರಂತೆ. ಗಂಟುಮೋರೆಯವನು ಅದರ ಫೋಟೋ ಹೊಡೆದುಕೊಂಡು ಕೂಡಲೇ ಅವಳ ಕೈಗೆ ವಾಪಸು ಕೊಟ್ಟ. ಆಗಬಹುದು, ಆಗಲಾರದನೂ ಇರಬಹುದು ಅಂತ ಮತ್ತೆ ಹೇಳಿದ. ಆಯಿತು. ಅಕ್ಕನನ್ನು ಹೈದರಾಬಾದಿನ ವಿಮಾನ ನಿಲ್ದಾಣದವರೆಗೆ ತಾನೇ ಕರೆದುಕೊಂಡು ಹೋದ.

ಅಕ್ಕ ದುಬೈಗೆ ಹೋಗಿ ಮುಟ್ಟಿದಾಗ ಮಗಳಿಗೆ ಉಸಿರಿತ್ತು. ಅಷ್ಟು ಮಾತ್ರ ಹೇಳಬಲ್ಲೆ. ಕೆಲವು ದಿನ ಹಾಸಿಗೆಯ ಪಕ್ಕ ಕೂತು ಹೆಸರು ಹಿಡಿದು ಕರೆದಳು. ಕೈ ಹಿಡಿದಾಗ ಮಗಳು ಬೆರಳು ಅಲುಗಿಸಿದಳು ಅಂತ ಕೊನೆಯವರೆಗೂ ಹೇಳುತ್ತಿದ್ದಳು. ಡಾಕ್ಟರು ಅದನ್ನು ಒಪ್ಪಲಿಲ್ಲವೆಂದು ಮಂಗಳೂರ ಹುಡುಗಿ ನನಗೆ ಬೇರೆಯಾಗಿ ಹೇಳಿದಳು. ನಾನು ಅಕ್ಕನ ಮಾತನ್ನೇ ದಾಖಲೆಗೆ ತಗೊಂಡಿದ್ದೇನೆ.

ಆಮೇಲೆ ತಾಯಿ ಮಗಳು ಒಂದೇ ವಿಮಾನದಲ್ಲಿ ಬಂದರು. ಒಬ್ಬಳು ಮೇಲೆ ಸೀಟಿನಲ್ಲಿ, ಒಬ್ಬಳು ಕೆಳಗೆ ಪೆಟ್ಟಿಗೆಯಲ್ಲಿ. ಆ ಒಂದು ಪ್ರಯಾಣಕ್ಕೆ ನಾವು ಏಜೆಂಟ್ ಹುಡುಕಬೇಕಾಗಲಿಲ್ಲ. ಎಲ್ಲ ಕಾಗದವೂ ತಂತಾನೇ ಸರಾಗವಾಗಿ ಆದವು...

ಮಣ್ಣು ಮಾಡಿ ಬಂದ ಕೆಲವು ದಿನಕ್ಕೆ ಸುದ್ದಿ ಮುಟ್ಟಿತು. ಜೀಪು ಬಂದ ಮನೆಯ ಹೆಣ್ಣು ತಮಗೆ ಬೇಡ ಅಂತ ಚಂದ್ರಬಂಡದವರು ನಿಶ್ಚಯ ಮುರಿದಿದ್ದರು. ಅಕ್ಕ ಮರುದಿನವೇ ನನ್ನನ್ನು ಎಬ್ಬಿಸಿಕೊಂಡು ಚಂದ್ರಬಂಡಕ್ಕೆ ಹೊರಟಳು. ಹುಡುಗನ ತಾಯಿಯ ಮುಂದೆ ಕೂತು, "ಆ ಮನಿ ನಾ ನೋಡೀನಿ. ಅಂಥಾ ಮನಿ ಈ ಜಿಲ್ಲಾದಾಗ ಇನ್ನೊಂದಿಲ್ಲ" ಅಂದಳು.

"ಅಷ್ಟು ಛಲೋ ಮನಿ ಇದ್ರ ನೀ ಪೊಲೀಸರನ್ನ ಯಾಕ ಕಳಿಸಿದಿ ಬೇ?" ಅಂದಳು ಆ ತಾಯಿ.

ಅಕ್ಕ ಸೆರಗು ಹೊದ್ದು ಎದ್ದಳು. ಬದುಕಿನಲ್ಲಿ ಮೊದಲ ಸಲ ಅವಳ ಆದೇಶವನ್ನು ಒಬ್ಬರು ತಳ್ಳಿಹಾಕಿದ್ದರು. ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು: "ಮತ್ತ ಅಂಥಾ ದಿನ ಬಂದ್ರೂ ಅವನ ಹೆಸರ ಬರಸ್ತೀನಿ ತಮ್ಮಾ. ಆದ್ರ ಆ ಹುಡಿಗಿಗಿ ಮನಿ ನಾನ ಹುಡುಕಬೇಕು."

ಹುಡುಕಿದಳು. ಓಣಿಯ ಉಳಿದೆಲ್ಲ ಮದುವೆಗಳ ಉಸಾಬರಿ ಬಿಟ್ಟು ಅದೊಂದನ್ನೇ ಹುಡುಕಿದಳು. ಲಿಂಗಸುಗೂರು, ಸಿಂಧನೂರು, ಗದ್ವಾಲ್ ಕಡೆಯ ಹಳ್ಳಿಗಳು, ಯಾವುದನ್ನೂ ಬಿಡಲಿಲ್ಲ. ಎಲ್ಲಿ ಹೋದರೂ ಚಂದ್ರಬಂಡದ ಪ್ರಶ್ನೆಯೇ ಅವಳಿಗಿಂತ ಮುಂಚೆ ಹೋಗಿ ಕೂತಿರುತ್ತಿತ್ತು. ಆ ಮನೆ ಒಳ್ಳೆಯದು ಅಂತ ಹೇಳಲು ಅವಳಿಗಿಂತ ದೊಡ್ಡ ಸಾಕ್ಷಿಯಿಲ್ಲ. ಅವಳು ಸಾಕ್ಷಿ ಹೇಳಿದರೆ ನಂಬುವವರಿಲ್ಲ. ನಾನು ಎಷ್ಟೋ ವಿಚಿತ್ರ ಕಡತಗಳನ್ನು ನೋಡಿದ್ದೇನೆ, ಇಂಥದನ್ನು ಕಂಡಿಲ್ಲ. ಎಲ್ಲೋ ಅಪರೂಪಕ್ಕೆ ಒಬ್ಬರು ಹುಡುಗಿಯನ್ನು ನೋಡಲು ಬರುತ್ತೇವೆ ಅಂದರೆ, ಅಕ್ಕ ಮಾನ್ವಿಗೆ ಹಿಂದಿನ ದಿನವೇ ಹೋಗಿ ಕೂರುತ್ತಿದ್ದಳು. ಬಂದವರು ಚಹಾ ಕುಡಿದು ಹೋಗುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಅಕ್ಕ ತೀರಿಕೊಂಡಳು. ಆ ಕೆಲಸ ಮುಗಿಯದೇ ಉಳಿಯಿತು.

ಯಾಪಲದಿನ್ನಿಯಿಂದ ಬಂದ ಮೇಲೆ ನನಗೆ ಸುಮ್ಮನಿರಲಾಗದೆ ಮೊನ್ನೆ ಮಾನ್ವಿಗೆ ಹೋದೆ. ದಲ್ಲಾಳಿಯ ತಂಗಿ ಈಗ ಅಲ್ಲೇ ಒಂದು ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಬಸ್ಟ್ಯಾಂಡಿನಲ್ಲಿ ಸಿಕ್ಕಳು. ಅಕ್ಕನ ಕೆಲಸವನ್ನು ನಾನು ಮುಂದುವರಿಸಬೇಕೇನೋ ಅಂತ ತಡವರಿಸುತ್ತ ಮಾತು ತೆಗೆದೆ. ನನಗೆ ಮನೆ ನೋಡಲು ಬರುವುದಿಲ್ಲ, ಆದರೂ...

ಅವಳು ನಕ್ಕಳು. "ಬ್ಯಾಡ ಬಿಡ್ರಿ ಕಾಕಾ. ಮೊದಲ ನನಗ ಆಕಿ ಮ್ಯಾಲ ಭಾಳ ಸಿಟ್ಟಿತ್ತು. ಹೊಸ್ತಿಲದಾಗ ನಿಂತು ಬೈದೀನಿ, ಸುಮ್ನ ಕೇಳಿಕೊಂಡಾಳ. ಆಮ್ಯಾಲ ನನಗ ಲಗ್ನನ ಬ್ಯಾಡ ಅನಸ್ತು. ಆದ್ರ ಆಕಿಗಿ ಹೇಳಲಿಲ್ಲ. ಹೇಳಿದ್ರ ಆಕಿ ಮುಂಜಾನಿ ಎದ್ದು ಎಲ್ಲಿಗಿ ಹೋಗಬೇಕು, ಹೇಳ್ರಿ?"

 ರಾಯಚೂರಿನ ಬಸ್ಸು ಬಂದು ನಿಂತಿತು. ಜನ ನುಗ್ಗಿದರು.

"ಅದಕ್ಕ ಯಾರರ ಬರ್ತಾರ ಅಂದ್ರ ಸೀರಿ ಉಟಗೊಂಡು ಕುಂದರ್ತಿದ್ದೆ" ಅಂದಳು. "ಆಕಿನ ನೆರಿಗಿ ಹಿಡೀತಿದ್ಲು. ಒಂದು ವರ್ಷಾಗಾಕ ಬಂತು ಕಾಕಾ, ಆ ಸೀರಿ ಮಡಿಚಿ ಇಟ್ಟದ್ದು ಹಂಗ ಅದ."